ಸಣ್ಣವರ ಕಪ್ ಸಣ್ಣವರಿಗೇ ಇರಲಿ

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಇಎಫ್‌ಎಲ್ ಟ್ರೋಫಿಗೆ ಎರಡು ಪುಟ ಕೊಟ್ಟಿದ್ದೀರಿ. ಮೂರನೇ, ನಾಲ್ಕನೇ ಡಿವಿಷನ್ನಿನ ಫುಟ್‌ಬಾಲ್ ಕ್ಲಬ್‌ಗಳು ಆಡುವ ಕಪ್ ಅದು. ನಾನು ನಾಲ್ಕು ವರ್ಷದಿಂದ ಕೊವೆಂಟ್ರಿಯಲ್ಲಿದ್ದೇನೆ. ಆಫೀಸಿನಲ್ಲಿ ಯಾರ ಬಾಯಲ್ಲೂ ಆ ಕಪ್ಪಿನ ಹೆಸರು ಕೇಳಿಲ್ಲ. ಮೊದಲ ಸುತ್ತುಗಳಲ್ಲಿ ಸ್ಟ್ಯಾಂಡ್ ಖಾಲಿ. ದೊಡ್ಡ ಕ್ಲಬ್‌ಗಳ ಹುಡುಗರ ತಂಡಗಳು ಅಲ್ಲಿ ಆಡುತ್ತಿರುವುದರಿಂದ ಅದಕ್ಕೆ ಸ್ವಲ್ಪವಾದರೂ ಅರ್ಥ ಇದೆ. ನೀವು ಅದನ್ನೂ ಬೈದಿದ್ದೀರಿ. ಆ ಜಾಗದಲ್ಲಿ ಪ್ರೀಮಿಯರ್ ಲೀಗ್ ಬಗ್ಗೆ ಬರೆಯಬಹುದಿತ್ತು. ಅಂದಹಾಗೆ, ನಮ್ಮ ಪಕ್ಕದ ಮನೆ ತಾತನ ಫ್ರಿಜ್ ಮೇಲೆ 2017ರ ಆ ಫೈನಲ್ಲಿನ ಟಿಕೆಟ್ ಇನ್ನೂ ಅಂಟಿಕೊಂಡಿದೆ. ಇಂಥವರು ನಾಲ್ಕು ಜನ ಇರಬಹುದು, ಅಷ್ಟೇ."

ಕೊವೆಂಟ್ರಿಯ ಗೆಳೆಯರೇ,

ಅಷ್ಟು ದೂರದಲ್ಲಿ ಕೂತು ನಮ್ಮ ಪತ್ರಿಕೆಯನ್ನು ಪುಟ ಬಿಡದೆ ಓದಿದ್ದೀರಿ. ಕೋಪ ಬಂದಾಗ ಕನ್ನಡದಲ್ಲೇ ಬರೆದಿದ್ದೀರಿ. ಅದಕ್ಕೆ ಮೊದಲು ಖುಷಿಯಾಯಿತು. ಆಮೇಲೆ ಬೇಜಾರಾಯಿತು. ಬೇರೆ ಯಾವ ಊರಿನಿಂದ ಈ ಪತ್ರ ಬಂದಿದ್ದರೂ ಸುಮ್ನೆ ಇರುತ್ತಿದ್ದೆ. ಕೊವೆಂಟ್ರಿಯಿಂದಲೇ ಬಂದರೆ ಹೇಗೆ ಬಿಡೋದು?

ನಿಮ್ಮ ಮಾತಿನಲ್ಲಿ ನಿಜ ಇರುವುದನ್ನು ಮೊದಲೇ ಒಪ್ಪಿಕೊಳ್ತೀನಿ. ಹದಿನೆಂಟು ಹತ್ತೊಂಬತ್ತರ ಹುಡುಗರು ತಮ್ಮ ವಯಸ್ಸಿನವರ ಜೊತೆಗೇ ಆಡುತ್ತಿದ್ದರೆ ಮಾಗುವುದಿಲ್ಲ. ಮೂವತ್ತು ವರ್ಷದ ಡಿಫೆಂಡರ್ ಒಬ್ಬ ಭುಜ ಕೊಟ್ಟು ಬೀಳಿಸಿದಾಗ ಕಲಿಯುವ ಪಾಠವೇ ಬೇರೆ. ಮೊದಲ ಸುತ್ತುಗಳಿಗೆ ಜನ ಕಡಿಮೆ ಅನ್ನೋದೂ ಸರಿ. ನಿಮ್ಮ ಆಫೀಸಿನಲ್ಲಿ ಯಾರೂ ಮಾತಾಡದೆ ಇರುವುದಕ್ಕೆ ಮಾತ್ರ ಬೇರೆ ಕಾರಣ ಇದೆ. ಕೊವೆಂಟ್ರಿ ಸಿಟಿ 2020ರಲ್ಲೇ ಎರಡನೇ ಡಿವಿಷನ್ನಿಗೆ ಏರಿತು. ನೀವು ಹೋಗುವ ಮೊದಲೇ ಆ ಕಪ್ಪನ್ನು ದಾಟಿ ಹೋಗಿತ್ತು. ಏರುವ ಮುಂಚೆ ಏನಾಯಿತು ಅಂತ ಯಾರನ್ನಾದರೂ ಕೇಳಿದ್ದೀರಾ? ತಾತ ಪಕ್ಕದ ಮನೆಯಲ್ಲೇ ಇದ್ದಾರಲ್ಲ.

2016-17ರ ಕಥೆ ಹೇಳ್ತೀನಿ. ಈ ಕಪ್ ಶುರುವಾದದ್ದು 1983-84ರಲ್ಲಿ. ಕೆಳಗಿನ ಎರಡು ಡಿವಿಷನ್‌ಗಳ ಕ್ಲಬ್‌ಗಳಿಗೆ ದೊಡ್ಡವರು ಸಣ್ಣವರು ಎಲ್ಲರೂ ಆಡುವ ಎಫ್‌ಎ ಕಪ್ಪಿನ ಫೈನಲ್ ಕನಸಿನ ಮಾತು, ಅವರಿಗೂ ಒಂದು ದಿನ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಸಿಗಲಿ ಎಂಬ ಕಪ್ ಅದು. 2016ರಲ್ಲಿ ಲೀಗಿನವರು ಅದರ ರೂಪ ಬದಲಾಯಿಸಿದರು. 48 ಕ್ಲಬ್‌ಗಳ ಜೊತೆ ದೊಡ್ಡ ಅಕಾಡೆಮಿ ಇರುವ ಕ್ಲಬ್‌ಗಳ 16 ಹುಡುಗರ ತಂಡಗಳನ್ನು ಸೇರಿಸಿದರು. ಸೋತರೆ ಮನೆಗೆ ಅನ್ನೋ ಆಟಕ್ಕೆ ಗುಂಪು ಹಂತ ಬಂತು. ಒಂದು ವರ್ಷದ ಪ್ರಯೋಗ ಅಂದರು. ತಮಾಷೆ ಮಾತಲ್ಲ, ಆರ್ಸೆನಲ್, ಲಿವರ್‌ಪೂಲ್, ಟಾಟನ್‌ಹ್ಯಾಮ್, ಮ್ಯಾಂಚೆಸ್ಟರಿನ ಎರಡೂ ಕ್ಲಬ್ – ಇವರು ನಾವು ಬರಲ್ಲ ಅಂದುಬಿಟ್ಟರು! ಅವರು ಬಿಟ್ಟ ಜಾಗಕ್ಕೆ ಬೇರೆಯವರನ್ನು ಕರೆದು ತುಂಬಿಸಿದರು.

ಊರೂರಿನ ಅಭಿಮಾನಿಗಳು ಬಹಿಷ್ಕಾರ ಹಾಕಿದರು. ನೀವು ಖಾಲಿ ಸ್ಟ್ಯಾಂಡ್ ಅಂತೀರಲ್ಲ, ಆ ವರ್ಷ ಎಷ್ಟೋ ಜನ ಬೇಕಂತಲೇ ಮನೆಯಲ್ಲಿ ಉಳಿದಿದ್ದರು. ಜೀವನಪೂರ್ತಿ ಒಂದು ಪಂದ್ಯ ತಪ್ಪಿಸದವರು ಹಟ ಹಿಡಿದು ಕೂತರೆ ಅದನ್ನು ಉದಾಸೀನ ಅಂತ ಓದಬೇಡಿ.

ಆಡುವ ಹನ್ನೊಂದರಲ್ಲಿ ಇಷ್ಟು ಜನ ಮೊದಲ ತಂಡದವರೇ ಇರಬೇಕು ಅಂತ ಸಣ್ಣ ಕ್ಲಬ್‌ಗಳಿಗೆ ನಿಯಮ ಬೇರೆ. ಹುಡುಗರನ್ನು ಬೆಳೆಸೋಕೆ ಅಂತ ಮಾಡಿದ ಟೂರ್ನಿಯಲ್ಲಿ ಲೂಟನ್ ಅನ್ನೋ ಸಣ್ಣ ಕ್ಲಬ್ಬು ತನ್ನ ಹುಡುಗರನ್ನು ಇಳಿಸಿತು ಅಂತ 15,000 ಪೌಂಡ್ ದಂಡ ಹಾಕಿದರು. ಬ್ರಾಡ್‌ಫರ್ಡ್ ಸಿಟಿ ಏನು ಮಾಡಿತು ಗೊತ್ತಾ? ನಿಯಮದ ಲೆಕ್ಕ ತುಂಬಲಿ ಅಂತ ಮೊದಲ ತಂಡದ ಗೋಲ್‌ಕೀಪರ್ ಕಾಲಿನ್ ಡಾಯ್ಲ್‌ನನ್ನು ಇಳಿಸಿ, ಮೂರನೇ ನಿಮಿಷಕ್ಕೇ ವಾಪಸ್ ಕರೆಸಿಕೊಂಡಿತು. ಗ್ಲೌಸ್ ಹಾಕಿಕೊಂಡು ಬಂದ ಮನುಷ್ಯ ಮೂರು ನಿಮಿಷ ನಿಂತು, ಗ್ಲೌಸ್ ಬಿಚ್ಚಿಕೊಂಡು ಹೋಗಿ ಬೆಂಚಿನಲ್ಲಿ ಕೂತ. ನೋಡಿದವರು ನಕ್ಕರು. ನನಗೆ ನಗು ಬರಲಿಲ್ಲ. ತಮ್ಮದೇ ಕಪ್ಪಿನಲ್ಲಿ ಒಂದು ಕ್ಲಬ್ಬು ಹೀಗೆ ಕದ್ದುಮುಚ್ಚಿ ಆಡಬೇಕಾಯಿತಲ್ಲ ಅಂತ ಸಂಕಟವಾಯಿತು.

ಈಗ ನಿಮ್ಮ ಊರಿಗೆ ಬರೋಣ. ಆ ವರ್ಷ ಕೊವೆಂಟ್ರಿ ಸಿಟಿಗೆ ಶನಿ ಹೆಗಲೇರಿತ್ತು. ಮಾಲೀಕರ ಮೇಲೆ ಊರಿಗೆ ಊರೇ ಸಿಟ್ಟಾಗಿತ್ತು. ಸೆಪ್ಟೆಂಬರಿನಲ್ಲಿ ಮ್ಯಾನೇಜರ್ ಟೋನಿ ಮೌಬ್ರೆ ಬಿಟ್ಟು ಹೋದರು. ಮಾರ್ಕ್ ವೀನಸ್ ತಾತ್ಕಾಲಿಕವಾಗಿ ನಿಂತರು. ರಸೆಲ್ ಸ್ಲೇಡ್ ಬಂದರು, ಹೋದರು. ಮಾರ್ಚ್‌ನಲ್ಲಿ ಮಾರ್ಕ್ ರಾಬಿನ್ಸ್ ಬಂದರು. ಒಂದೇ ಸೀಸನ್ನಿನಲ್ಲಿ ನಾಲ್ಕು ಜನ! ತಂಡ ಮೂರನೇ ಡಿವಿಷನ್ನಿನ ತಳದಲ್ಲಿತ್ತು. ತಮ್ಮ ಊರಿನ ಪಂದ್ಯಕ್ಕೆ ಸರಾಸರಿ ಒಂಬತ್ತು ಸಾವಿರದ ಆಸುಪಾಸು ಜನ.

ಅದೇ ತಂಡ ಸೆಮಿಫೈನಲ್ಲಿನಲ್ಲಿ ವೈಕೂಂಬ್ ತಂಡವನ್ನು ಸೋಲಿಸಿ ವೆಂಬ್ಲಿಗೆ ಹೋಯಿತು. 1987ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ 3-2ರಿಂದ ಎಫ್‌ಎ ಕಪ್ ಗೆದ್ದಿದ್ದ ಊರು ಅದು. ಆಗ ಅಪ್ಪನ ಕೈ ಹಿಡಿದು ಹೋದವರು ಈಗ ಮಕ್ಕಳ ಕೈ ಹಿಡಿದು ಹೊರಟರು. 2017ರ ಏಪ್ರಿಲ್ 2, ಎದುರಿಗೆ ಆಕ್ಸ್‌ಫರ್ಡ್ ಯುನೈಟೆಡ್. ಅಂದು ಬಂದವರು ಒಟ್ಟು 74,434 ಜನ. ಅದರಲ್ಲಿ 40 ಸಾವಿರಕ್ಕೂ ಜಾಸ್ತಿ ಕೊವೆಂಟ್ರಿಯವರು. ನಿಮ್ಮ ಪ್ರಕಾರ ನಾಲ್ಕು ಜನ, ಅಲ್ವಾ?

ಕೊವೆಂಟ್ರಿ 2-1ರಿಂದ ಗೆದ್ದಿತು. ಮೊದಲ ಗೋಲು ಗೇಲ್ ಬಿಗಿರಿಮಾನನದು. ಬುರುಂಡಿಯಲ್ಲಿ ಹುಟ್ಟಿದವನು, ಚಿಕ್ಕವನಿದ್ದಾಗ ಮನೆಯವರ ಜೊತೆ ಕೊವೆಂಟ್ರಿಗೆ ಬಂದ. ಒಂದು ದಿನ ಅಮ್ಮ ಹಾಲು ತಾ ಅಂತ ಅಂಗಡಿಗೆ ಕಳಿಸಿದಾಗ ದಾರಿಯಲ್ಲಿ ಕ್ಲಬ್ಬಿನ ಅಕಾಡೆಮಿ ಕಂಡು, ಸೀದಾ ಒಳಗೆ ಹೋಗಿ, ನನ್ನನ್ನೂ ಒಂದು ಸಲ ಆಡಿಸಿ ನೋಡಿ ಅಂದನಂತೆ. ಎರಡನೇ ಗೋಲು ಜಾರ್ಜ್ ಥಾಮಸ್‌ನದು. ಅವನೂ ಅದೇ ಅಕಾಡೆಮಿಯ ಹುಡುಗ. ಹುಡುಗರು ಬೆಳೆಯಬೇಕು ಅಂತ ನೀವು ಬರೆದಿದ್ದೀರಿ. ಆ ಎರಡೂ ಗೋಲು ಹೊಡೆದವರನ್ನು ಬೆಳೆಸಿದ್ದು ಈ ಬಡಪಾಯಿ ಕ್ಲಬ್ಬೇ. 2012ರಲ್ಲಿ ಬಂದ ನಿಯಮದಿಂದ ದೊಡ್ಡ ಕ್ಲಬ್‌ಗಳು ಸಣ್ಣವರ ಹುಡುಗರನ್ನು ಅಗ್ಗಕ್ಕೆ ಎತ್ತಿಕೊಂಡು ಹೋಗೋದು ಸುಲಭವಾಯಿತು. ಬ್ರೆಂಟ್‌ಫರ್ಡ್ ಬೇಸತ್ತು 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತು. ಮೊದಲು ಹುಡುಗರನ್ನು ಒಯ್ದರು, ಆಮೇಲೆ ಆ ಹುಡುಗರನ್ನು ಕರೆದುಕೊಂಡು ಬಂದು ಕಪ್ಪಿನಲ್ಲೂ ಪಾಲು ಕೇಳಿದರು.

ಫೈನಲ್ ಆಗಿ ಹನ್ನೆರಡು ದಿನಕ್ಕೆ, ಏಪ್ರಿಲ್ 14ರಂದು, ಕೊವೆಂಟ್ರಿ ನಾಲ್ಕನೇ ಡಿವಿಷನ್ನಿಗೆ ಬಿತ್ತು. ಲೂಟನ್ನಿಗೂ 2009ರಲ್ಲಿ ಹೀಗೇ ಆಗಿತ್ತು. ಹಣದ ಅವ್ಯವಹಾರಕ್ಕೆ, ದಿವಾಳಿತನದ ನಿಯಮ ಮುರಿದದ್ದಕ್ಕೆ ಅಂತ ಒಟ್ಟು 30 ಅಂಕ ಕಳೆದು ಆ ಸೀಸನ್ ಶುರು ಮಾಡಿಸಿದ್ದರು. ಹಿಂದಿನ ಆಡಳಿತದವರು ಮಾಡಿದ್ದಕ್ಕೆ ಅಭಿಮಾನಿಗಳು ತೆತ್ತರು. ಲೂಟನ್ನಿನವರು ಇದೇ ಕಪ್ಪಿನ ಫೈನಲ್ಲಿಗೆ ಬಂದು ಸ್ಕನ್‌ಥಾರ್ಪ್ ತಂಡವನ್ನು 3-2ರಿಂದ ಗೆದ್ದರು. ಎಂಟೇ ದಿನದಲ್ಲಿ ನಾಲ್ಕನೇ ಡಿವಿಷನ್ನಿನಿಂದಲೂ ಬಿದ್ದು ಲೀಗಿನಿಂದಲೇ ಹೊರಗೆ. ಎಲ್ಲ ಕಡೆ ಸೋಲುವ ವರ್ಷದಲ್ಲಿ ಊರಿನವರು ಒಟ್ಟಿಗೆ ಬಸ್ ಹತ್ತಿ ಹೋಗಿ, ಗೆದ್ದು, ಹಾಡಿಕೊಂಡು ವಾಪಸ್ ಬರೋಕೆ ಒಂದು ದಿನ ಬೇಕು. ಆ ದಿನ ಕೊಟ್ಟದ್ದು ಈ ಕಪ್.

ಇನ್ನೊಂದು ವಿಷಯ. ದಂಡ ಕಟ್ಟಿದ ಲೂಟನ್ ಆ 2017ರಲ್ಲಿ ಸೆಮಿಫೈನಲ್ ತನಕ ಬಂದು ಆಕ್ಸ್‌ಫರ್ಡಿಗೆ ಸೋತಿತ್ತು. ಆರು ವರ್ಷ ಬಿಟ್ಟು 2023ರ ಮೇನಲ್ಲಿ ಪ್ರೀಮಿಯರ್ ಲೀಗಿಗೆ ಏರುವ ಕೊನೆಯ ಪಂದ್ಯ ವೆಂಬ್ಲಿಯಲ್ಲಿ ನಡೆದಾಗ ಎದುರುಬದುರು ನಿಂತವರು ಯಾರು? ಲೂಟನ್ ಮತ್ತು ಕೊವೆಂಟ್ರಿ. ಲೂಟನ್ ಪೆನಾಲ್ಟಿಯಲ್ಲಿ ಗೆದ್ದಿತು. ಪ್ರೀಮಿಯರ್ ಲೀಗ್ ಬಗ್ಗೆ ಬರೆಯಿರಿ ಅಂದಿರಿ. ಅದರ ದಾರಿ ಇಲ್ಲಿಂದಲೂ ಹೋಗುತ್ತದೆ.

ನಾನು ಹುಟ್ಟಿ ಬೆಳೆದದ್ದು ತುಮಕೂರು ಕಡೆಯ ಹಳ್ಳಿಯಲ್ಲಿ. ಗಣೇಶನ ಹಬ್ಬ ಕಳೆದ ಮೇಲೆ ಹೊನಲು ಬೆಳಕಿನ ಕಬಡ್ಡಿ. ಸುತ್ತಲಿನ ಹಳ್ಳಿಗಳದೇ ತಂಡಗಳು. ಮೊದಲ ಬಹುಮಾನ ಒಂದು ಟಗರು. ಅದರ ಕೊಂಬಿಗೆ ಬಣ್ಣದ ಟೇಪು ಸುತ್ತಿ, ಅಂಕಣದ ಪಕ್ಕದ ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಟ್ಯೂಬ್‌ಲೈಟಿನ ಬೆಳಕಲ್ಲಿ ಅದು ಹಲಸಿನ ಸೊಪ್ಪು ಮೇಯುತ್ತಾ ನಿಂತಿರುತ್ತಿತ್ತು. ಅಜ್ಜಿಯರು ಚಾಪೆ ತಂದು, ಮೊಮ್ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಿನ ಜಾವದವರೆಗೆ ಕೂರುತ್ತಿದ್ದರು. ಒಂದು ವರ್ಷ, ಆಟದ ಮಟ್ಟ ಏರಲಿ ಅಂತ, ಪಟ್ಟಣದ ತಂಡವೊಂದನ್ನು ಕರೆಸಿದರು. ಒಳ್ಳೇ ಹುಡುಗರು, ಚೆನ್ನಾಗಿ ಆಡಿದರು, ಟಗರನ್ನು ವ್ಯಾನಿಗೆ ಹಾಕಿಕೊಂಡು ಹೋದರು. ಮುಂದಿನ ವರ್ಷ ಅಂಥ ಮೂರು ತಂಡ. ಅದರ ಮುಂದಿನ ವರ್ಷ ಚಾಪೆಗಳು ಕಾಣಲಿಲ್ಲ. ಆಗ ಕಮಿಟಿಯವರು ಏನಂದರು? ಜನ ಬರ್ತಿಲ್ಲ, ಇನ್ನೂ ದೊಡ್ಡ ತಂಡ ಕರೆಸೋಣ ಅಂದರು. ನಿಮ್ಮ ಪತ್ರ ಓದುವಾಗ ಆ ಕಮಿಟಿಯ ಮಾತೇ ಕಿವಿಯಲ್ಲಿ ಕೇಳಿಸಿತು. ತಪ್ಪು ತಿಳೀಬೇಡಿ.

ಆ ಪ್ರಯೋಗ ಮುಂದುವರಿಯಲಿ ಅಂತ 2017ರಲ್ಲಿ ಮತ ಹಾಕಿದ್ದು ಆ ಸಣ್ಣ ಕ್ಲಬ್‌ಗಳೇ ಅಂತ ನೀವು ಹೇಳಬಹುದು. ಹೌದು, ಹಾಕಿದರು. ಹಣ ಬೇಕಿತ್ತು. ಕೈ ಕಟ್ಟಿದವನ ಮುಂದೆ ಕಾಗದ ಇಟ್ಟರೆ ಸಹಿ ಹಾಕದೆ ಏನು ಮಾಡ್ತಾನೆ? 2005ರಲ್ಲಿ ಎಕ್ಸೆಟರ್ ಸಿಟಿ, ಲೀಗಿನಿಂದ ಹೊರಗಿದ್ದ ಕ್ಲಬ್ಬು, ಎಫ್‌ಎ ಕಪ್ಪಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡಿಗೆ ಹೋಗಿ 0-0 ಡ್ರಾ ಮಾಡಿಕೊಂಡು ಬಂತು. ತಮ್ಮ ಊರಿನಲ್ಲಿ ಮರುಪಂದ್ಯ ಸಿಕ್ಕಿತು. ಅದರಲ್ಲಿ ಸೋತರು. ಆದರೆ ಎರಡು ಪಂದ್ಯದ ಗಳಿಕೆಯಿಂದ ಸಾಲದ ಭಾರ ಇಳಿಯಿತು. 2024-25ರಿಂದ ಎಫ್‌ಎ ಕಪ್ಪಿನ ಮೊದಲ ಸುತ್ತಿನಿಂದಲೇ ಮರುಪಂದ್ಯಗಳಿಲ್ಲ. ದೊಡ್ಡ ಕ್ಲಬ್‌ಗಳ ಕ್ಯಾಲೆಂಡರಿನಲ್ಲಿ ಜಾಗ ಸಾಲದಂತೆ. ಅವರ ಹುಡುಗರು ಆಡೋಕೆ ಸಣ್ಣವರ ಕ್ಯಾಲೆಂಡರಿನಲ್ಲಿ ಮಾತ್ರ ಜಾಗ ಇದೆ.

ನಮ್ಮಲ್ಲೂ ಅದೇ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ಪೂಜಿಸುವಷ್ಟು ಫುಟ್‌ಬಾಲ್ ಪ್ರೀತಿ ಇದೆ. ಅಲ್ಲಿನ ಹುಡುಗರು ಆಡುವ ಸ್ಥಳೀಯ ಲೀಗಿನ ಸ್ಕೋರು ಪೇಪರಿನಲ್ಲಿ ಹುಡುಕಿದರೆ ಸಿಗಲ್ಲ. ಮ್ಯಾಂಚೆಸ್ಟರಿನ ಆಟಗಾರನ ಕೂದಲಿನ ಬಣ್ಣ ಬದಲಾದರೆ ಫೋಟೋ ಸಮೇತ ಬರುತ್ತದೆ. 2022ರಲ್ಲಿ ಬೆಂಗಳೂರು ಎಫ್‌ಸಿಗೆ ಡ್ಯೂರಾಂಡ್ ಕಪ್ ತಂದುಕೊಟ್ಟ ಕೋಚ್ ಸೈಮನ್ ಗ್ರೇಸನ್ ನೆನಪಿದ್ದಾರಲ್ಲ? 2004ರಲ್ಲಿ ಬ್ಲ್ಯಾಕ್‌ಪೂಲ್ ಈ ಕಪ್ ಗೆದ್ದಾಗ ಅವರು ಆ ಕ್ಲಬ್ಬಿನ ಆಟಗಾರ. ಬೆಂಗಳೂರಿನಲ್ಲಿದ್ದಷ್ಟು ದಿನ ಅವರನ್ನು ಅವರು ಹಿಂದೆ ಮ್ಯಾನೇಜರ್ ಆಗಿದ್ದ ಲೀಡ್ಸ್ ಬಗ್ಗೆ, ಸಂಡರ್‌ಲ್ಯಾಂಡ್ ಬಗ್ಗೆ ಕೇಳಿದವರು ಬೇಕಾದಷ್ಟು. ಈ ಕಪ್ಪಿನ ಬಗ್ಗೆ ಕೇಳಿದ್ದನ್ನು ನಾನು ಎಲ್ಲೂ ಓದಲಿಲ್ಲ. ನಾನೂ ಹೋಗಿ ಕೇಳಬೇಕಿತ್ತು, ಕೇಳಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ.

ನಿಮಗೆ ಆ ಅವಕಾಶ ಗೋಡೆಯಾಚೆಗೇ ಇದೆ. ಈ ಭಾನುವಾರ ತಾತನ ಮನೆ ಬಾಗಿಲು ತಟ್ಟಿ. ಫ್ರಿಜ್ ಮೇಲಿನ ಟಿಕೆಟ್ ತೋರಿಸಿ ಕೇಳಿ: ಅವತ್ತು ಎಷ್ಟು ಗಂಟೆಗೆ ಮನೆ ಬಿಟ್ಟಿರಿ, ಪಕ್ಕದ ಸೀಟಿನಲ್ಲಿ ಯಾರಿದ್ದರು, 1987ರಲ್ಲೂ ಹೋಗಿದ್ದಿರಾ, ಹನ್ನೆರಡು ದಿನದ ಮೇಲೆ ತಂಡ ಬಿದ್ದಾಗ ಟಿಕೆಟ್ ಕಿತ್ತು ಬಿಸಾಡಬೇಕು ಅನ್ನಿಸಲಿಲ್ವಾ? ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ. ಹದಿನೈದನೇ ತಾರೀಖಿನೊಳಗೆ ತಲುಪಲಿ.

– ಸಂಪಾದಕ