ದೇಹ ಅದಲುಬದಲಾದರೆ ಒಪ್ಪಿಗೆ ಯಾರದ್ದು?

ನಿಮ್ಮ ಕತೆಯಲ್ಲಿ ಗೆಳತಿಯ ದೇಹ ಸೇರಿದ ನಾಯಕಿ, ವಿಷಯ ಮುಚ್ಚಿಟ್ಟು ಅವಳ ಗಂಡನ ಜೊತೆ ಸಂಸಾರ ಮಾಡಿದರೆ ಮೋಸವೇ ಎಂದು ಕೇಳಿದ್ದೀರಿ. ಮೋಸವೇ, ಅದೂ ಇಬ್ಬರಿಗೆ. ಗಂಡ ಒಪ್ಪಿದ್ದು ತನ್ನ ಹೆಂಡತಿಯನ್ನು, ಬರೀ ಆ ಮುಖವನ್ನಲ್ಲ. ಗೆಳತಿಯನ್ನಂತೂ ಯಾರೂ ಕೇಳಿಯೇ ಇಲ್ಲ. ಕತೆಗಾರರು ಜಾಸ್ತಿ ಮರೆಯುವುದು ಇವಳನ್ನೇ.

ರಾಜಕುಮಾರನ ನೆನಪುಗಳು ಚಪ್ಪಲಿ ಹೊಲಿಯುವವನ ದೇಹಕ್ಕೆ ಹೋದರೆ ಆ ವ್ಯಕ್ತಿ ರಾಜಕುಮಾರನೇ ಎಂದು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಬರೆದಿದ್ದ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ದೇಹ ಸುಮ್ನೆ ಇರುವುದಿಲ್ಲ, ‘ಇದು ನನ್ನದು’ ಎಂಬ ಭಾವನೆಯನ್ನೂ ಅದು ಬದಲಿಸುತ್ತದೆ. 1998ರ ಒಂದು ಪ್ರಯೋಗದಲ್ಲಿ, ಮರೆಯಲ್ಲಿಟ್ಟ ನಿಜವಾದ ಕೈಯನ್ನೂ ಕಣ್ಣೆದುರಿನ ರಬ್ಬರ್ ಕೈಯನ್ನೂ ಒಟ್ಟಿಗೆ ಸವರಿದಾಗ, ಜನರಿಗೆ ರಬ್ಬರ್ ಕೈಯೇ ತಮ್ಮದೆನಿಸಿತು. ನಿಮ್ಮ ನಾಯಕಿಗೂ ಆ ದೇಹ ಬೇಗನೇ ತನ್ನದೆನಿಸಬಹುದು, ಅಲ್ವಾ? ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಸವೆಯುವ ಆ ಹಂತವನ್ನು ನಿಧಾನವಾಗಿ ಬರೆಯಿರಿ.