ಬಿಸಿಲು ಜೋರಾದಾಗ ನೆಲಮಟ್ಟದ ಓಝೋನ್ ಯಾಕೆ ಏರುತ್ತದೆ? ಗಾಳಿಗೂ ಇದಕ್ಕೂ ಏನು ಸಂಬಂಧ?

ನೆಲಮಟ್ಟದ ಓಝೋನ್ ಅಂದರೆ ಆಕಾಶದ ಓಝೋನ್ ಪದರವಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಸೇರುವ ಹಾನಿಕರ ಅನಿಲ. ಅದು ಯಾವ ಸೈಲೆನ್ಸರ್‌ನಿಂದಲೂ ನೇರವಾಗಿ ಹೊರಬರುವುದಿಲ್ಲ. ಗಾಡಿ, ಕಾರ್ಖಾನೆ ಬಿಡುವ ನೈಟ್ರೋಜನ್ ಆಕ್ಸೈಡುಗಳು, ಪೆಟ್ರೋಲ್, ಪೇಂಟ್‌ನಿಂದ ಹಾರುವ ಆವಿ, ಇವೆಲ್ಲ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತದೆ. ಸಾಮಾನು ನಮ್ಮದು, ಒಲೆ ಸೂರ್ಯನದು ಅನ್ನಿ. ಹಾಗಾಗಿ ಬೆಳಗ್ಗೆ ಕಡಿಮೆ, ಮಧ್ಯಾಹ್ನ ಜಾಸ್ತಿ.

ಲಾಸ್ ಏಂಜಲೀಸ್ ಇದಕ್ಕೆ ಹಳೇ ಉದಾಹರಣೆ. ಒಂದು ಕಡೆ ಸಮುದ್ರ, ಹಿಂದೆ ಬೆಟ್ಟ. ಬೇಸಿಗೆಯಲ್ಲಿ ಕೆಳಗೆ ಕಡಲಿನ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಮೇಲೇರಲು ದಾರಿಯೇ ಇಲ್ಲ. ಕಡಲ ಗಾಳಿ ಅದನ್ನು ಒಳನಾಡಿಗೆ ತಳ್ಳುತ್ತದೆ. ದಾರಿಯುದ್ದಕ್ಕೂ ಬಿಸಿಲಲ್ಲಿ ಬೆಂದು, ಒಳನಾಡಿನ ಊರಾದ ಸ್ಯಾನ್ ಬರ್ನಾರ್ಡಿನೋ ಕಡೆ ತಲುಪುವಾಗ ಓಝೋನ್ ಏರಿರುತ್ತದೆ. ಹೊಗೆ ಬಿಟ್ಟವರು ಒಬ್ಬರು, ಉಸಿರಾಡುವವರು ಇನ್ನೊಬ್ಬರು! ಲಾಸ್ ಏಂಜಲೀಸ್ ಕಡೆ ರಬ್ಬರ್ ಬೇಗ ಬಿರುಕು ಬಿಡುತ್ತಿತ್ತು. 1950ರ ಸುಮಾರಿಗೆ ಆರಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಅದರ ಹಿಂದಿರುವುದು ಓಝೋನ್ ಎಂದು ತೋರಿಸಿದರು. ಬಗ್ಗಿಸಿದ ರಬ್ಬರ್ ಪಟ್ಟಿ ಎಷ್ಟು ಬೇಗ ಸೀಳುತ್ತದೆ ಎಂದು ನೋಡಿ ಓಝೋನ್ ಅಳೆಯುತ್ತಿದ್ದರು.

ಗಾಳಿ ಜೋರಾಗಿ ಬೀಸಿದರೆ ಎಲ್ಲ ಚದುರುತ್ತದೆ. ಮೋಡ ಕವಿದರೆ ಒಲೆಯೇ ಆರಿದ ಹಾಗೆ. ನಮ್ಮಲ್ಲೂ ಮುಂಗಾರಿನಲ್ಲಿ ಓಝೋನ್ ಇಳಿಯುವುದು ಅದಕ್ಕೇ.

ಇನ್ನೊಂದು ವಿಚಿತ್ರ: ಗಾಡಿಗಳಿಂದ ಆಗಷ್ಟೇ ಹೊರಬಂದ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ಟ್ರಾಫಿಕ್ ಕಿಕ್ಕಿರಿದ ಸರ್ಕಲ್‌ಗಿಂತ ಊರಾಚೆಯ ತೋಟದಲ್ಲೇ ಕೆಲವೊಮ್ಮೆ ಓಝೋನ್ ಜಾಸ್ತಿ ಇರುತ್ತದೆ.