ಎಲ್ಲರೂ ಮೆಚ್ಚಿದ ಸಿನಿಮಾಗಳಲ್ಲಿ ನಿಮಗೆ ಹಿಡಿಸಿದ್ದು ಯಾವುದು, ಹಿಡಿಸದ್ದು ಯಾವುದು?

ಪ್ರಶಸ್ತಿ ಬಂದ ಚಿತ್ರಗಳನ್ನು ಜನ ನಿಜವಾಗಿಯೂ ಮೆಚ್ಚುತ್ತಾರೆಯೇ, ಇಲ್ಲವೇ ಮೆಚ್ಚಬೇಕಲ್ಲ ಎಂದು ಮೆಚ್ಚುತ್ತಾರೆಯೇ ಎಂದೂ ಕೇಳಿದ್ದೀರಿ. ಕನ್ನಡ ಚಿತ್ರಗಳ ಮಟ್ಟಿಗೆ ನನ್ನ ಅನುಭವವನ್ನು ಹೇಳುತ್ತೇನೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಾನು ನೋಡಿದ್ದು ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ಹಾಕುತ್ತಿದ್ದ ಕಾಲ ಅದು, ನಾನಾಗ ಹೈಸ್ಕೂಲು. ಅಜ್ಜಿಯ ಅಕ್ಕ ನಮ್ಮ ಮನೆಯಲ್ಲಿಯೇ ಇದ್ದರು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿಯೇ ಬದುಕು ಸವೆಸಿದವರು. ಟಿ.ವಿ. ಇದ್ದ ಕೋಣೆಗೆ ಅವರು ಎಂದೂ ಬಂದವರಲ್ಲ. ಅಂದು ಮಾತ್ರ ಹೊಸ್ತಿಲಿನ ಆಚೆ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ಬಸಿರಾದ ವಿಧವೆ ಯಮುನಕ್ಕ ಸಾಯಲೆಂದು ಹುತ್ತದೊಳಗೆ ಕೈ ಇಡುವ ಹೊತ್ತಿಗೆ ಅವರ ಕೈ ನಿಂತಿತ್ತು. ಕೊನೆಯಲ್ಲಿ ಯಮುನಕ್ಕ ಬೋಳುತಲೆಯಲ್ಲಿ ಮರದ ಕೆಳಗೆ ಒಬ್ಬಳೇ ಕುಳಿತಿರುತ್ತಾಳೆ. ಪಾಠಶಾಲೆ ಬಿಟ್ಟು ಅಪ್ಪನೊಂದಿಗೆ ಊರಿಗೆ ಹೊರಟ ಪುಟ್ಟ ನಾಣಿ ಅವಳನ್ನು ನೋಡುತ್ತಾನೆ. ಚಿತ್ರ ಮುಗಿಯಿತು. ‘ಆ ಹುಡುಗನಾದರೂ ನೋಡಿದನಲ್ಲ’ ಎಂದಷ್ಟೇ ಹೇಳಿ ದೊಡ್ಡಜ್ಜಿ ಬತ್ತಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದಿತ್ತೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಂದಿನಿಂದ ನನ್ನ ಬಳಿ ಇರುವುದು ಅದೊಂದೇ ಅಳತೆಗೋಲು. ಯಾರೂ ನೋಡದವರನ್ನು ಈ ಚಿತ್ರ ನೋಡುತ್ತದೆಯೇ? ಪ್ರಶಸ್ತಿ, ಗಳಿಕೆ, ನೂರು ದಿನದ ಓಟ ಎಲ್ಲವೂ ಆಮೇಲಿನ ಮಾತು.

ಈ ಅಳತೆಗೆ ‘ಸಂಸ್ಕಾರ’ (1970) ನನಗೆ ಅರ್ಧ ಮಾತ್ರ ಒದಗುತ್ತದೆ. ಇದನ್ನು ಹೇಳಿದಾಗಲೆಲ್ಲ ಗೆಳೆಯರು ಜಗಳಕ್ಕೆ ಬರುತ್ತಾರೆ. ಅದು ನಮ್ಮ ಹೊಸ ಅಲೆಯ ಬಾಗಿಲು ತೆರೆದ ಚಿತ್ರ, ಸೆನ್ಸಾರ್ ಮಂಡಳಿಯ ತಡೆಯನ್ನು ದಾಟಿ ಬಂದು ರಾಷ್ಟ್ರಪ್ರಶಸ್ತಿ ಗೆದ್ದ ಚಿತ್ರ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯನ ಮುಖದಲ್ಲಿನ ತಳಮಳ, ಲಂಕೇಶರ ನಾರಣಪ್ಪನ ಸೊಕ್ಕು, ಎರಡೂ ಇಂದಿಗೂ ಹಳತಾಗಿಲ್ಲ. ಆದರೆ ಅಲ್ಲಿ ನನ್ನ ಕಣ್ಣು ಹುಡುಕುವುದು ನಾರಣಪ್ಪನ ಜೊತೆ ಬಾಳಿದ ಚಂದ್ರಿಯನ್ನು. ನಾರಣಪ್ಪನ ಹೆಣ ಕೊಳೆಯುತ್ತಿರುವಾಗ ಅಗ್ರಹಾರವೆಲ್ಲ ಶಾಸ್ತ್ರ ತಿರುವುತ್ತಾ ಕುಳಿತಿದ್ದರೆ, ಅವನ ಶವಸಂಸ್ಕಾರಕ್ಕೆಂದು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿಟ್ಟವಳು ಅವಳು. ಸ್ನೇಹಲತಾ ರೆಡ್ಡಿಯವರು ಅವಳನ್ನು ಎಷ್ಟು ಘನತೆಯಿಂದ ನಿಲ್ಲಿಸಿದ್ದಾರೆ! ಚಿತ್ರ ಮಾತ್ರ ಅವಳನ್ನು ಬಿಟ್ಟು ಆಚಾರ್ಯರ ಹಿಂದೆ ಹೊರಟುಬಿಡುತ್ತದೆ. ಪ್ರತಿ ಸಲವೂ ನನಗೆ ಚಂದ್ರಿಯ ಜೊತೆ ಹೋಗಬೇಕೆನಿಸುತ್ತದೆ. ಅನಂತಮೂರ್ತಿಯವರ ಮೂಲ ಕಾದಂಬರಿಯೇ ಹಾಗಿದೆಯಲ್ಲ ಎನ್ನುತ್ತೀರಿ. ನಿಜ, ಕಾದಂಬರಿ ಓದುವಾಗಲೂ ನನ್ನ ಕೊರಗು ಇದೇ ಆಗಿತ್ತು.

ಹಾಗೆಂದು ಜನಪ್ರಿಯ ಚಿತ್ರಗಳನ್ನು ಒಂದು ಮೆಟ್ಟಿಲು ಕೆಳಗಿಡುವವನಲ್ಲ ನಾನು. ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಎಂದೊಡನೆ ಜನರಿಗೆ ಮೊದಲು ನೆನಪಾಗುವುದು ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ. ಹಾಡಲ್ಲ, ಹೊಡೆದಾಟವಲ್ಲ, ಒಬ್ಬ ಬಡವನ ನಾಲಗೆಯ ಆಸೆ. ಒಂದು ಊರಿನ ಹಗೆಯ ಕಥೆ ಹೇಳುತ್ತಾ ಅಷ್ಟು ಚಿಕ್ಕ ಆಸೆಗೂ ಜಾಗ ಕೊಟ್ಟ ನಿರ್ದೇಶಕನನ್ನು ನಾನು ದೊಡ್ಡವನೆನ್ನುತ್ತೇನೆ. ಅವರದೇ ‘ಬಂಗಾರದ ಮನುಷ್ಯ’ವನ್ನು ಎಲ್ಲರೂ ಅದಕ್ಕಿಂತ ಮೇಲಿಡುತ್ತಾರೆ, ನನಗೆ ಅಯ್ಯುವೇ ಮೇಲು. ರಾಜ್‌ಕುಮಾರ್ ಅವರ ಅಭಿನಯಕ್ಕೆಂದರೆ ‘ಕಸ್ತೂರಿ ನಿವಾಸ’ (1971). ಮನೆಗೆ ಬಂದವಳಿಗೆ ಊಟ ಹಾಕಲು ತಾನು ಸಾಕಿದ ಪಾರಿವಾಳವನ್ನೇ ಮಾರಿದ ಮೇಲೆ, ಅವಳು ಕೇಳಲು ಬಂದದ್ದು ಆ ಪಾರಿವಾಳವನ್ನೇ ಎಂದು ತಿಳಿಯುತ್ತದಲ್ಲ, ಆ ಗಳಿಗೆಯ ಮುಖ! 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಕಪ್ಪುಬಿಳುಪೇ ಸಾಕು.

‘ಮುಂಗಾರು ಮಳೆ’ಯ ಹಾಡುಗಳು ಇಂದಿಗೂ ಇಷ್ಟ. ಚಿತ್ರವನ್ನು ಎರಡನೆಯ ಸಲ ನೋಡಬೇಕೆನಿಸಲಿಲ್ಲ.

ಇನ್ನು ಹಿಡಿಸದ ಚಿತ್ರ. ದೇಶವೆಲ್ಲ ಕೊಂಡಾಡಿದ ‘ಕೆಜಿಎಫ್’. ಅದರ ಕೆಲಸಗಾರಿಕೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಕನ್ನಡ ಚಿತ್ರವೊಂದು ಹೀಗೆ ಎಲ್ಲ ಭಾಷೆಗಳಿಗೂ ನುಗ್ಗಿದ್ದು ನನಗೂ ಹೆಮ್ಮೆ. ಆದರೆ ಕೆಲಸದ ನಿಮಿತ್ತ ಕೆಲವು ವರ್ಷ ನಾನು ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಓಡಾಡಿದವನು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನ ಜನ ಕತ್ತಲಿರುವಾಗಲೇ ಎದ್ದು ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಬೋಗಿಯಲ್ಲಿ ನನ್ನೆದುರು ಕೂರುತ್ತಿದ್ದ ಹಿರಿಯರೊಬ್ಬರು ಮೂರು ಕಿಲೋಮೀಟರ್‌ಗೂ ಆಳದ ಗಣಿಯ ಬಿಸಿಯನ್ನು ವರ್ಣಿಸುವಾಗ, ಇಪ್ಪತ್ತು ವರ್ಷವಾದರೂ ಅಂಗಿಯ ಕೊರಳನ್ನು ಸಡಿಲ ಮಾಡಿಕೊಳ್ಳುತ್ತಿದ್ದರು. ಚಿತ್ರೀಕರಣ ನಡೆದದ್ದು ಅದೇ ಊರಿನಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ರಾಶಿಬಿದ್ದ ಸಯನೈಡ್ ದಿಬ್ಬಗಳ ಮೇಲೆ. ಕಥೆ ಕಲ್ಪಿತ ಎಂಬುದನ್ನು ಬಲ್ಲೆ, ಇತಿಹಾಸ ಹೇಳಿ ಎಂದು ಕೇಳುತ್ತಿಲ್ಲ. ಆದರೆ ಸಾವಿರಾರು ಕೂಲಿಗಳನ್ನು ನಿಲ್ಲಿಸಿಯೂ ಚಿತ್ರ ಅವರಿಗೆ ಕೊಟ್ಟದ್ದು ಮಸಿ ಮೆತ್ತಿದ ಮೈ ಮತ್ತು ನಾಯಕನಿಗೆ ಜೈಕಾರ ಹಾಕುವ ಕೆಲಸ. ಮೊದಲ ಭಾಗದಲ್ಲಿ ಕಣ್ಣು ಕಾಣದ ಮುದುಕನೊಬ್ಬನ ಪ್ರಸಂಗ ಬಂದಾಗ ಎದೆ ತಟ್ಟಿತು. ಎರಡನೆಯ ಭಾಗದಲ್ಲಿ ಅಷ್ಟೂ ಸಿಗಲಿಲ್ಲ.

ಅದೇ ‘ತಿಥಿ’ಯನ್ನು ನೋಡಿ. ರಾಮ್ ರೆಡ್ಡಿಯವರ ಈ ಚಿತ್ರಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿ ಬಂತು. ಅದನ್ನು ಕೇಳಿ ಇದು ನಮಗಲ್ಲ ಎಂದು ಹಿಂಜರಿದವರು ಎಷ್ಟೋ ಜನ. ಮಂಡ್ಯದ ಹಳ್ಳಿಯ ಜನರೇ ನಟಿಸಿದ, ಹೊಟ್ಟೆ ಹಿಡಿದು ನಗಿಸುವ ಚಿತ್ರ ಅದು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಮೊಮ್ಮಗನಿಗೆ ಜಮೀನಿನ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ಹಾಗೆ ನಗುತ್ತಿರುವಾಗಲೇ, ರಾತ್ರಿ ಕುರಿಗಾಹಿಗಳ ನಡುವೆ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಹೆಂಡತಿಯ ಕಥೆ ಹೇಳುತ್ತಾನೆ. ದನಿ ಏರುವುದಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಅಲ್ಲಿಯವರೆಗೆ ಬೀದಿ ಅಲೆಯುವ ಮುದುಕನೆಂದು ನಾವು ನಕ್ಕದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಚಿತ್ರಮಂದಿರದಲ್ಲಿ ನೋಡಿದ ದಿನ ಹಿಂದಿನ ಸಾಲಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಆ ದೃಶ್ಯ ಮುಗಿಯುವವರೆಗೆ ಸುಮ್ಮನಿದ್ದರು.

ಎಲ್ಲಿಂದ ಆರಂಭಿಸಲಿ ಎಂದಾದರೆ ಮನೆಯವರೆಲ್ಲ ಕುಳಿತು ‘ಭೂತಯ್ಯನ ಮಗ ಅಯ್ಯು’ ನೋಡಿ, ಆಮೇಲೆ ‘ತಿಥಿ’. ‘ಘಟಶ್ರಾದ್ಧ’ದ ಪುನರುಜ್ಜೀವನಗೊಳಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದೆ. ನಿಮ್ಮ ಊರಿನ ಯಾವುದಾದರೂ ದೊಡ್ಡ ಪರದೆಗೆ ಅದು ಬಂದರೆ ಬಿಡಬೇಡಿ. ಮನೆಯಲ್ಲಿ ವಯಸ್ಸಾದ ಹೆಂಗಸರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.